ಸಿದ್ದಲಿಂಗವ್ವನ ಏಳು ಮನೆ, ನನ್ನದೊಂದು ಕುಣಿ

ಹುನಗುಂದದ ಕೋರ್ಟಿನ ಎದುರಿಗೆ ಒಂದು ಬಾಂಡ್ ರೈಟರ್ ಅಂಗಡಿಯಿದೆ. ಅಲ್ಲಿ ದಿನಕ್ಕೆ ಒಂಬತ್ತು ತಾಸು ಕಂಪ್ಯೂಟರಿನ ಮುಂದೆ ಕುಳಿತಿರುವವನು ನಾನು. ಹೆಸರು ಪ್ರವೀಣಕುಮಾರ. ಹೆಸರಿಟ್ಟಾಗ ನನಗೆ ಹನ್ನೆರಡು ದಿನ. ಇಟ್ಟವರಿಗೆ ಮುಂದಿನದು ಹೇಗೆ ಗೊತ್ತಾಗಬೇಕು? ಯಾರೋ ಯಾರಿಗೋ ಮಾರುವ ಮನೆಗಳ ಖರೀದಿ ಪತ್ರವನ್ನು ಟೈಪು ಮಾಡುವುದು ನನ್ನ ಕೆಲಸ. ಏಳು ವರ್ಷದಲ್ಲಿ ಕಡಿಮೆಯೆಂದರೂ ಎರಡು ಸಾವಿರ ಮನೆ ನನ್ನ ಬೆರಳ ತುದಿಯಿಂದ ದಾಟಿಹೋಗಿವೆ. ನಾನು ಮಾತ್ರ ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ಮೇಲಿನ ಮಹಡಿಯವರು ಎಷ್ಟು ತಂಬಿಗೆ ನೀರು ಹಾಕಿಕೊಂಡರು ಎಂಬುದು ನಮಗೆ ಕೆಳಗೆ ಲೆಕ್ಕ ಸಿಗುತ್ತದೆ.

ಸಿದ್ದಲಿಂಗವ್ವನವರನ್ನು ನಾನು ಮೊದಲು ನೋಡಿದ್ದು ಅದೇ ಅಂಗಡಿಯಲ್ಲಿ. ಇಳಕಲ್ಲಿನವರು, ವಯಸ್ಸು ಐವತ್ತೆಂಟರ ಆಸುಪಾಸು. ಅಂದು ಅವರು ತಮ್ಮ ಆರನೆಯ ಮನೆಯ ಪತ್ರ ಬರೆಸಲು ಬಂದಿದ್ದರು. ಸಾಮಾನ್ಯವಾಗಿ ನಮ್ಮಲ್ಲಿ ಬರುವವರು ಪತ್ರ ಓದುವುದಿಲ್ಲ. ಹೆಬ್ಬೆಟ್ಟು ಎಲ್ಲಿ, ಸಹಿ ಎಲ್ಲಿ ಎಂದು ಕೇಳಿ, ಮುಗಿಸಿ, ಚಹಾಕ್ಕೆ ಹೋಗುತ್ತಾರೆ. ಇವರು ಬೆಂಚಿನ ಮೇಲೆ ಗಟ್ಟಿಯಾಗಿ ಕುಳಿತು, “ಓದು ತಮ್ಮಾ, ಪೂರಾ ಓದು” ಅಂದರು. ನಾನು ಬಸ್ಸು ತಪ್ಪೀತೆಂಬ ಅವಸರದಲ್ಲಿ ಓದಿದೆ. ಚಕ್ಕುಬಂದಿಗೆ, ಅಂದರೆ ಮನೆಯ ನಾಲ್ಕು ದಿಕ್ಕಿನ ಗಡಿಯ ವಿವರಕ್ಕೆ, ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಮೂಡಲಕ್ಕ ರಸ್ತಾ ಅಂತ ಬರದೀ?”

“ಹೌದ್ರೀ.”

“ಮೂಡಲಕ್ಕ ಬಾಜೂ ಮನಿ ಗ್ವಾಡಿ ಐತಿ. ರಸ್ತಾ ಇರೂದು ಪಡುವಲಕ್ಕ. ನಾ ತಗೊಂಡ ಮನಿ ನೀ ತಿರುಗಿಸಿ ಕುಂದ್ರಿಸೀ ಏನು?”

ಅಂಗಡಿಯ ತುಂಬ ನಗೆ. ನಮ್ಮ ಮಾಲಕರಂತೂ ಆ ನಗುವನ್ನು ಇವತ್ತಿಗೂ ವಾರಕ್ಕೊಮ್ಮೆ ನಗುತ್ತಾರೆ. ನಾನು ತಿದ್ದಿ ಮತ್ತೆ ಪ್ರಿಂಟು ತೆಗೆದೆ. ಅವತ್ತಿನಿಂದ ಸಿದ್ದಲಿಂಗವ್ವ ಹುನಗುಂದಕ್ಕೆ ಬಂದಾಗೆಲ್ಲ ಅಂಗಡಿಗೆ ಬಂದು, “ಏನಪಾ, ಸೂರ್ಯಾ ಇವತ್ತ ಯಾ ಕಡೆ ಹುಟ್ಯಾನ?” ಎಂದು ಕೇಳಿಯೇ ಮುಂದಿನ ಮಾತು.

ಅವರ ಕೈಯಲ್ಲಿ ಯಾವಾಗಲೂ ಒಂದು ನೈಲಾನ್ ಚೀಲ. ಅದರಲ್ಲಿ ಎಲೆಯಡಿಕೆ ಇರಬಹುದೆಂದು ನಾನು ತಿಳಿದಿದ್ದೆ. ಒಮ್ಮೆ ಬಗ್ಗಿ ನೋಡಿದರೆ ಒಂದು ಕರೆಂಟಿನ ಟೆಸ್ಟರು, ಒಂದು ಸೀಮೆಸುಣ್ಣದ ತುಂಡು, ಒಂದು ಮುಷ್ಟಿ ನಲ್ಲಿಯ ವಾಶರು! “ಬಾಡಗಿ ಕೇಳಾಕ ಹೋಗಾವ್ರು ಬರಿಗೈಲೆ ಹೋಗಬಾರದು” ಅಂದರು. ತಿಂಗಳ ಐದನೆಯ ತಾರೀಖಿಗೆ ಪ್ರತಿ ಮನೆಗೂ ತಾವೇ ಹೋಗುತ್ತಾರೆ, ಆದರೆ ಒಳಗೆ ಕಾಲಿಡುವುದಿಲ್ಲ. ಹೊರಗೆ ಕಟ್ಟೆಯ ಮೇಲೆ ಕುಳಿತು ಮೊದಲು ಕೇಳುವುದು ನಲ್ಲಿ ಸೋರುತ್ತದೆಯೇ ಎಂದು. ಸೋರಿದರೆ ಅಲ್ಲೇ ವಾಶರು ಬದಲು. ಬಾಡಿಗೆಯ ಮಾತು ಅವರು ತೆಗೆಯುವ ಮೊದಲೇ ಬಾಡಿಗೆ ಬಂದಿರುತ್ತದೆ.

ಈ ವಿದ್ಯೆ ಬಂದದ್ದು ಬಾಡಿಗೆ ಮನೆಗಳಿಂದಲೇ. ಅವರ ಯಜಮಾನರು ಗ್ರಾನೈಟ್ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸಕ್ಕೆ ಹೋಗುತ್ತಿದ್ದರು, ಇವರು ಮನೆಯಲ್ಲಿ ಕುಳಿತು ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆ. ಒಬ್ಬ ಮಾಲಕ ವಾರಕ್ಕೊಮ್ಮೆ ಬಂದು ಬಲ್ಬು ಎಣಿಸುತ್ತಿದ್ದನಂತೆ. ಇನ್ನೊಬ್ಬನ ಮನೆಯಲ್ಲಿ ಅತ್ತೆ ಸೊಸೆ ಜಗಳವಾಡಿದ ದಿನ ಇವರ ನಲ್ಲಿ ಬಂದ್. “ಒಂಬತ್ತ ಮಾಲಕರ ಕಡೆ ಸಾಲಿ ಕಲ್ತೇನಿ. ಹೆಂಗ ಇರಬೇಕಂತ ಒಬ್ಬಾಂವ ಕಲಿಸಿದ, ಹೆಂಗ ಇರಬಾರದಂತ ಎಂಟ ಮಂದಿ ಕಲಿಸಿದ್ರು” ಎನ್ನುತ್ತಾರೆ.

ಮೊದಲನೆಯ ಮನೆ ಕೊಂಡದ್ದು ಓಣಿಯ ಹೆಂಗಸರ ಭಿಶಿ ಚೀಟಿಯ ಹಣದಲ್ಲಿ, ಜಡಿಮಳೆಯ ನಡುವೆ. ಮಣ್ಣಿನ ಮಾಳಿಗೆಯ ಹಳೆಯ ಮನೆ. ಮಾರುವವನು ಪಡಸಾಲೆಯಲ್ಲಿ ಕೊಡೆ ಬಿಚ್ಚಿಕೊಂಡು ನಿಂತು ಬೆಲೆ ಹೇಳಿದನಂತೆ. ಮೂರು ಗಿರಾಕಿ ಆ ಕೊಡೆ ನೋಡಿಯೇ ಓಡಿಹೋಗಿದ್ದರು. ಸಿದ್ದಲಿಂಗವ್ವ ಮಾತ್ರ ಮಾಳಿಗೆ ಹತ್ತಿ, ನೀರು ಹೊರಗೆ ಹೋಗುವ ದೋಣಿಯಲ್ಲಿ ಹುಲ್ಲು ಬೆಳೆದು ಕಟ್ಟಿರುವುದನ್ನು ನೋಡಿದರು. ಕೆಳಗಿಳಿದು ಬಂದು ಯಾರಿಗೂ ಹೇಳಲಿಲ್ಲ. ಮನೆ ಕೈಗೆ ಬಂದ ಮರುದಿನ ಹುಲ್ಲು ಕಿತ್ತು, ಎರಡು ಬುಟ್ಟಿ ಮಣ್ಣು ಹಾಕಿಸಿದರು. ಸೋರಿಕೆ ನಿಂತಿತು. ಮನೆ ನೋಡುವುದಿದ್ದರೆ ಮಳೆ ಬಂದಾಗ ಒಂದು ಸಲ, ನೀರು ಬಿಡುವ ಹೊತ್ತಿಗೆ ಒಂದು ಸಲ, ನಡು ಮಧ್ಯಾಹ್ನ ಒಂದು ಸಲ ನೋಡಬೇಕು ಎಂದು ನನಗೆ ಹತ್ತು ಸಲವಾದರೂ ಹೇಳಿದ್ದಾರೆ.

ಈಗ ಏಳು ಮನೆ. ಐದು ಇಳಕಲ್ಲಿನಲ್ಲಿ, ಒಂದು ಹುನಗುಂದದಲ್ಲಿ, ಒಂದು ಬಾದಾಮಿಯಲ್ಲಿ. ನಡುವೆ ಕೆಲವು ಕೊಂಡು ರಿಪೇರಿ ಮಾಡಿಸಿ ಮಾರಿದ್ದಾರೆ. ಬಾಗಲಕೋಟೆಯ ನವನಗರದಲ್ಲಿ ಒಂದು ಮನೆ ಸೋವಿಯಲ್ಲಿ ಬಂದಾಗ ಒಲ್ಲೆ ಎಂದರು. “ಆ ಸೆಕ್ಟರ್ ನಂಬರಿನಾಗ ನನ್ನ ಮನಿ ನಾನ ಹುಡುಕ್ಯಾಡೂದು ಆಗತೈತಿ. ಬಸ್ ಇಳದು ನಡಕೊಂತ ಹೋಗೂವಷ್ಟ ದೂರ ಇದ್ರ ಮಾತ್ರ ನಮ್ಮ ಮನಿ.” ಯಜಮಾನರು ಈಗ ಕೆಲಸ ಬಿಟ್ಟಿದ್ದಾರೆ. ಯಾವ ಬೀಗದ ಕೈ ಯಾವ ಮನೆಯದು ಎಂದು ನೆನಪಿಟ್ಟುಕೊಳ್ಳುವ ಹುದ್ದೆ ಅವರದು.

ಹೀಗೆ ಏಳು ವರ್ಷ ಪತ್ರ ಟೈಪು ಮಾಡಿ, ನಾಲ್ಕು ವರ್ಷ ಸಿದ್ದಲಿಂಗವ್ವನ ಮಾತು ಕೇಳಿದ ಮನುಷ್ಯ ಎಷ್ಟು ಶಾಣ್ಯಾ ಆಗಿರಬೇಕು? ಹೋದ ವರ್ಷದ ದೀಪಾವಳಿ ಮುಗಿದ ಮೇಲೆ ನಾನು ಅದನ್ನು ಲೋಕಕ್ಕೆ ತೋರಿಸಲು ಹೊರಟೆ.

ಮೊಬೈಲಿನಲ್ಲಿ ಒಬ್ಬಾತ ಹಳೆ ಮನೆ ಕೊಂಡು, ತೊಂಬತ್ತು ದಿನದಲ್ಲಿ ಹೊಸದು ಮಾಡಿ, ಮಾರಿ, ಕಪ್ಪು ಕನ್ನಡಕ ಹಾಕಿಕೊಳ್ಳುವ ವಿಡಿಯೋಗಳನ್ನು ನಾನು ಒಂದು ತಿಂಗಳು ನೋಡಿದ್ದೆ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಈರಪ್ಪ, ಕಲ್ಲಪ್ಪ ಎಂಬ ಅಣ್ಣತಮ್ಮಂದಿರ ಹಳೆಯ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಅವರ ತಂದೆ ಸೀರೆ ನೇಯುತ್ತಿದ್ದವರು, ತೀರಿಕೊಂಡು ಆರು ವರ್ಷ. ಮಕ್ಕಳಿಬ್ಬರೂ ಬೇರೆ ಕಡೆ ಮನೆ ಕಟ್ಟಿಕೊಂಡಿದ್ದರು. ನಾನು ಈರಪ್ಪನವರನ್ನು ವಕೀಲನ ಗತ್ತಿನಲ್ಲಿ ಕೇಳಿದೆ:

“ನಿಮ್ಮ ತಂದಿಯವರಿಗೆ ಮಕ್ಕಳು ಎಷ್ಟ ಮಂದ್ರಿ?”

“ಇಬ್ಬರ್ರಿ. ನಾ, ನಮ್ಮ ಕಲ್ಲಪ್ಪ.”

ಸಾಕಲ್ಲ! ಹನ್ನೊಂದು ಲಕ್ಷಕ್ಕೆ ಮಾತಾಯಿತು. ಒಂದೂವರೆ ಲಕ್ಷ ಮುಂಗಡ, ಸಂಚಕಾರವೆಂದು ಕೊಟ್ಟೆ. ಅದು ಏಳು ವರ್ಷದ ನನ್ನ ಪೂರ್ತಿ ಉಳಿತಾಯ. ಅದರಲ್ಲಿ ಅವ್ವ ಸಂಕ್ರಾಂತಿ, ಪಂಚಮಿ ಎಂದು ತನ್ನ ಖರ್ಚು ಹಿಡಿದಿಟ್ಟ ದುಡ್ಡೂ ಇತ್ತು. ಉಳಿದದ್ದಕ್ಕೆ ಸೊಸಾಯಿಟಿಯಲ್ಲಿ ಸಾಲ ಮಂಜೂರಾಗಿತ್ತು. ಮೂರು ತಿಂಗಳ ಕರಾರು ಪತ್ರವನ್ನು ನಾನೇ ಟೈಪು ಮಾಡಿದೆ. ಗಟ್ಟಿ ಇರಲಿ ಎಂದು ಬೇರೆ ಯಾರದೋ ಹಳೆಯ ಕರಾರಿನಿಂದ ನಾಲ್ಕು ಕಲಮು ಎತ್ತಿ ಅಂಟಿಸಿದೆ. ಓದಲಿಲ್ಲ. ಟೈಪು ಮಾಡುವವರು ಓದುವುದಿಲ್ಲ, ಅದು ನಮ್ಮ ಕಸುಬಿನ ರೋಗ.

ಬೀಗದ ಕೈ ಸಿಕ್ಕಿತು. “ಸ್ವಚ್ಛ ಮಾಡ್ಕೊರಿ” ಎಂದು ಈರಪ್ಪನವರೇ ಕೊಟ್ಟಿದ್ದರು. ನಾನು ಸ್ವಚ್ಛ ಮಾಡಲು ಗಾರೆ ಕೆಲಸದ ಗವಂಡಿ ಮುರ್ತುಜಸಾಬರನ್ನೇ ಕರೆದೆ.

ಪಡಸಾಲೆಯಲ್ಲಿ ಗೋಡೆಗೆ ಹತ್ತಿ ಒಂದು ಕುಣಿಯಿತ್ತು, ಸೊಂಟದುದ್ದದ ಗುಂಡಿ. ಇಳಕಲ್ಲಿನ ಹಳೆ ಮಗ್ಗಗಳು ನೆಲದ ಮಟ್ಟಕ್ಕಿರುತ್ತವೆ. ನೇಯುವವರು ಕುಣಿಯ ಅಂಚಿಗೆ ಕುಳಿತು, ಕಾಲು ಕೆಳಗೆ ಬಿಟ್ಟು, ಅಲ್ಲಿರುವ ಹಲಗೆ ಒತ್ತುತ್ತಾರೆ. ಮಗ್ಗ ಯಾವಾಗಲೋ ಬಿಚ್ಚಿ ಹೋಗಿತ್ತು, ಕುಣಿ ಉಳಿದಿತ್ತು.

“ಇದನ್ನ ಮುಚ್ಚಿಬಿಡ್ರಿ” ಅಂದೆ.

ಮುರ್ತುಜಸಾಬರು ಬೀಡಿ ಬಾಯಿಂದ ತೆಗೆದರು. “ಸಾಹೇಬ್ರ, ಒಂದ ಸಲ ವಿಚಾರ ಮಾಡ್ರಿ. ಇದು ಇಳಕಲ್ಲ.”

“ವಿಚಾರ ಮಾಡೇ ಹೇಳಾಕತ್ತೇನಿ. ಪಡಸಾಲ್ಯಾಗ ಕುಣಿ ಇದ್ದರ ಯಾರ ಮನಿ ತಗೋತಾರ?”

“ಹಂಗಾರ ಕಾಂಕ್ರೀಟ್ ತುಂಬಲೇನು?”

“ಎಷ್ಟ ಚೀಲಾ ಬೇಕ?”

ಹೇಳಿದರು. ನಾನು ಜೇಬು ಮುಟ್ಟಿ ನೋಡಿಕೊಂಡೆ. “ಬ್ಯಾಡ ಬ್ಯಾಡ. ಒಡದ ಇಟ್ಟಂಗಿ, ಉಸುಕು ಹಾಕಿ ಮ್ಯಾಲ ಟೈಲ್ಸ್ ಹಾಸ್ರಿ. ಒಳಗ ಯಾರ ನೋಡ್ತಾರ?”

ಎರಡು ತಿಂಗಳು ದಾಟುವ ಹೊತ್ತಿಗೆ ಪಡಸಾಲೆ ಫಳಫಳ. ಟೈಲ್ಸಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಗೋಡೆಗೆ ವಿಡಿಯೋದಲ್ಲಿದ್ದಂಥದೇ ಬೂದಿ ಬಣ್ಣ. ಕಪ್ಪು ಕನ್ನಡಕ ಒಂದು ಬಾಕಿ. ಆಗ ಸಿದ್ದಲಿಂಗವ್ವನವರನ್ನು ಕರೆದೆ. ಶಿಷ್ಯ ಗುರುವಿಗೆ ಅಚ್ಚರಿ ಕೊಡಬೇಕೆಂದು ಅದುವರೆಗೆ ಒಂದು ಮಾತೂ ಹೇಳಿರಲಿಲ್ಲ.

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಟೈಲ್ಸ್ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಸೀದಾ ಬಚ್ಚಲಿಗೆ ಹೋಗಿ ಒಂದು ತಂಬಿಗೆ ನೀರು ಸುರಿದು ನಿಂತರು. ನೀರು ನಡುವೆ ನಿಂತಿತು.

“ಈ ನೀರಿಗೆ ಎಲ್ಲೂ ಹೋಗೂ ಮನಸ್ಸಿಲ್ಲ ನೋಡು. ಮೊದ್ಲ ಬಚ್ಚಲ, ಆಮ್ಯಾಲ ಮೋರಿ, ಆಮ್ಯಾಲ ಮಾಳಿಗಿ. ಬಣ್ಣಾ ಕಡೀಕ. ನೀ ಕಡೀದು ಮೊದ್ಲ ಮಾಡಿ.” ಪಡಸಾಲೆಗೆ ಬಂದು ಸುತ್ತ ನೋಡಿದರು. “ಇದು ಆ ಓಣ್ಯಾಗಿನ ನೇಕಾರ ಅಜ್ಜನ ಮನಿ ಹೌದಿಲ್ಲೋ? ಕುಣಿ ಎಲ್ಲೈತಿ?”

“ಮುಚ್ಚಿಸೇನ್ರಿ.”

“ಖರೀದಿ ಯಾವಾಗ ಆತು?”

“ಇನ್ನ ಹದಿನೇಳ ದಿವಸ ಐತ್ರಿ.”

“ಅಂದ್ರ ನಿಂದಲ್ಲದ ಮನ್ಯಾಗ ಕುಣಿ ಮುಚ್ಚೀದಿ.” ಅವರು ಗೋಡೆಗೆ ಒರಗಿ ಕುಳಿತರು. “ಇರಲಿ. ಹೆಣ್ಣಮಕ್ಕಳು ಎಷ್ಟ ಮಂದಿ?”

“ಮಕ್ಕಳು ಇಬ್ಬರ ಅಂತ್ರಿ.”

“ನೀ ಮಕ್ಕಳು ಎಷ್ಟಂತ ಕೇಳಿದ್ಯೋ, ಹೆಣ್ಣಮಕ್ಕಳು ಎಷ್ಟಂತ ಕೇಳಿದ್ಯೋ?”

ಅಲ್ಲೇ ಈರಪ್ಪನವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಈರಪ್ಪ ಏನೂ ಮುಚ್ಚಿಡುವ ಮನುಷ್ಯ ಅಲ್ಲ, ಕೇಳಿದ್ದಕ್ಕೆ ಉತ್ತರ ಕೊಡುವವರು. “ಹೆಣ್ಣಮಗಳು ಒಬ್ಬಾಕಿ ಅದಾಳ್ರಿ, ಶಾರವ್ವ. ಅಮೀನಗಡಕ್ಕ ಕೊಟ್ಟೇವಿ. ನೀವು ಮಕ್ಕಳು ಅಂದ್ರಿ, ನಾ ಇಬ್ಬರು ಅಂದೆ!”

ಎರಡು ಸಾವಿರ ಪತ್ರ ಟೈಪು ಮಾಡಿದ್ದೇನೆ. ಹೆಣ್ಣುಮಕ್ಕಳ ಸಹಿ ಇಲ್ಲದೆ ಮನೆ ಕೊಂಡು ಕೋರ್ಟಿನ ಕಟ್ಟೆ ಸವೆಸಿದವರ ದಾವೆಗಳನ್ನೂ ಟೈಪು ಮಾಡಿದ್ದೇನೆ. ಆ ಕಾಗದಗಳೆಲ್ಲ ಬೇರೆ ಊರಿನ ಮೂರ್ಖರವು ಎಂದು ತಿಳಿದಿದ್ದೆ.

ಸಂಜೆಗೆ ಈರಪ್ಪನವರೇ ತಿರುಗಿ ಫೋನು ಮಾಡಿದರು. ಶಾರವ್ವ ಸಹಿ ಹಾಕುವುದಿಲ್ಲ ಅಂದಿದ್ದರಂತೆ. ಹೋಗಲಿ, ಸಂಚಕಾರವಾದರೂ ವಾಪಸು ಬರುತ್ತದಲ್ಲ ಎಂದು ಕರಾರು ಪತ್ರ ತೆಗೆದು ಮೊದಲ ಸಲ ಓದಿದೆ. ಏಳನೆಯ ಕಲಮು: ‘ಇತರ ವಾರಸುದಾರರ ಒಪ್ಪಿಗೆ ಹಾಗೂ ಸಹಿ ಪಡೆಯುವ ಜವಾಬ್ದಾರಿಯು ಬರೆಸಿಕೊಂಡವರದಾಗಿದ್ದು, ತಪ್ಪಿದಲ್ಲಿ ಸಂಚಕಾರದ ಹಣಕ್ಕೆ ಹಕ್ಕು ಇರತಕ್ಕದ್ದಲ್ಲ.’ ಬರೆಸಿಕೊಂಡವನು ನಾನು. ಬರೆದವನೂ ನಾನು. ಹದಿನೇಳು ದಿನದಲ್ಲಿ ಅಮೀನಗಡದ ಆ ಹೆಣ್ಣುಮಗಳು ಸಹಿ ಹಾಕದಿದ್ದರೆ ಏಳು ವರ್ಷದ ಉಳಿತಾಯ ಹೋಯಿತು, ಮೇಲೆ ಟೈಲ್ಸು.

ಅವ್ವನಿಗೆ ಹೇಳಿದೆ. ಆಕೆ ಬೈಯಲಿಲ್ಲ. “ಆ ಸಿದ್ದಲಿಂಗವ್ವನ ಕಾಲ ಹಿಡಿ” ಅಂದು ರೊಟ್ಟಿ ಬಡಿಯಲು ಕುಳಿತಳು. ಅಂದಿನ ರೊಟ್ಟಿಯ ಸಪ್ಪಳ ಸ್ವಲ್ಪ ಜೋರಾಗಿತ್ತು.

ಗುರುವಾರ ಇಳಕಲ್ಲಿನಿಂದ ಅಮೀನಗಡಕ್ಕೆ ಹೊರಟ ಬಸ್ಸಿಗೆ ನಾನು ಹುನಗುಂದದಲ್ಲಿ ಹತ್ತಿದೆ. ಸಿದ್ದಲಿಂಗವ್ವ ನನಗಾಗಿ ಸೀಟಿನ ಮೇಲೆ ಚೀಲವಿಟ್ಟು ಕಾಯುತ್ತಿದ್ದರು. ಆಧಾರ ಕಾರ್ಡು ತೋರಿಸಿ ಅವರದು ಫ್ರೀ ಪ್ರಯಾಣ. ನಾನು ಟಿಕೀಟು ತೆಗೆಸಿದೆ. “ಬುದ್ಧಿ ಇಲ್ಲದವರ ಕಡೆ ಸರ್ಕಾರ ರೊಕ್ಕಾ ತಗೋತೈತಿ” ಎಂದು ಕಿಟಕಿಯ ಕಡೆ ನಕ್ಕರು. ಚೀಲದಲ್ಲಿ ಈ ಸಲ ವಾಶರು ಇರಲಿಲ್ಲ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು, ಎಲೆ ಅಡಿಕೆ ಇದ್ದವು. ಉಡಿ, ಅಂದರೆ ಮಡಿಲು, ತುಂಬುವ ಸಾಮಾನು.

“ಹಳೆ ಮನಿ ತಗೋಳಾಕ ಮೊದ್ಲ ಆ ಮನ್ಯಾಗ ಹುಟ್ಟಿದ ಹೆಣ್ಣಮಕ್ಕಳನ್ನ ಹುಡಿಕ್ಯಾಡಿ ಉಡಿ ತುಂಬತೇನಿ. ಏಳೂ ಮನಿಗೂ ಹಂಗ ಮಾಡೇನಿ” ಅಂದರು. “ಅವರ ತವರಮನಿ ನಾವು ತಗೋತೇವಿ. ಮಾರಾವ್ರು ಗಂಡಸರು ಕೇಳೂದಿಲ್ಲ, ತಗೊಳ್ಳಾವ್ರರ ಕೇಳಬೇಕಲ್ಲ?”

“ಉಡಿ ತುಂಬಿದ್ರ ಸಹಿ ಹಾಕ್ತಾರೇನ್ರಿ?”

“ಖಣಾ ಕೊಟ್ಟು ಪಾಲು ಇಸಕೊಳ್ಳಾಕ ಹೊಂಟೇನಂತ ತಿಳದೀ ಏನಲೇ? ಈರಪ್ಪಗ ಹೇಳೇನಿ, ಹನ್ನೊಂದರಾಗ ಮೂರು ಪಾಲು, ಆಕಿ ಹೆಸರಿಗೆ ಬ್ಯಾರೆ ಚೆಕ್. ಅಂವಾ ಸ್ವಲ್ಪ ಕೆಮ್ಮಿದ, ಆಮ್ಯಾಲ ಹೂಂ ಅಂದ.”

ಶಾರವ್ವನವರ ಮನೆ ಕರದಂಟಿನ ಅಂಗಡಿಯ ಹಿಂದೆ. ಬೆಲ್ಲದ ಪಾಕದ ವಾಸನೆ ಬಾಗಿಲಲ್ಲೇ ಎದುರಾಯಿತು. ಅರವತ್ತು ದಾಟಿದ ಗಟ್ಟಿ ಹೆಂಗಸು. ತಟ್ಟೆಯಲ್ಲಿ ಹರಡಿದ ಕರದಂಟನ್ನು ಗೆರೆ ಎಳೆದಂತೆ ಕತ್ತರಿಸುತ್ತಿದ್ದರು. ಕೈ ನಿಲ್ಲಿಸದೆ ನಮ್ಮನ್ನು ಕೂಡ್ರಿಸಿ, ಎರಡೆರಡು ತುಂಡು ಕೊಟ್ಟರು. ಸಿದ್ದಲಿಂಗವ್ವ ಸಹಿಯ ಮಾತೇ ತೆಗೆಯಲಿಲ್ಲ. ಅಂಟಿನ ಬೆಲೆ, ಮೊಣಕಾಲು ನೋವು, ಯಾರ ಮದುವೆಗೆ ಯಾರು ಬರಲಿಲ್ಲ ಎಂಬಲ್ಲೆಲ್ಲ ಮಾತು ಸುತ್ತಿತು. ಒಂದು ತಾಸಿನಲ್ಲಿ ನಾನು ಹೆದರಿಕೆಯಿಂದಲೇ ಆರು ತುಂಡು ತಿಂದೆ.

ಕೊನೆಗೆ ಶಾರವ್ವನವರೇ ಚಾಕು ಕೆಳಗಿಟ್ಟರು. “ನಾ ಪಾಲು ಬೇಕಂತ ಹಟಾ ಹಿಡದಾಕಿ ಅಲ್ರಿ. ನಮ್ಮ ಈರಪ್ಪಣ್ಣ ಒಂದ ಫೋನ್ ಮಾಡಿ ಕೇಳಿದ್ರ ಅಲ್ಲೇ ಹೂಂ ಅಂತಿದ್ದೆ. ತವರಮನಿ ಮಾರ್ಯಾರಂತ ನನಗ ಹೇಳಿದಾಕಿ ಯಾರ ಗೊತ್ತೇನ್ರಿ? ಬಸ್ಸಿನಾಗ ಬಾಜೂಕ ಕುಂತಾಕಿ! ಆಕಿ ಹೆಸರ ಸೈತ ನನಗ ಗೊತ್ತಿಲ್ಲ.”

“ತಪ್ಪ ಆತವ್ವಾ” ಅಂದರು ಸಿದ್ದಲಿಂಗವ್ವ. “ಈ ಹುಡುಗಂದೂ ತಪ್ಪ. ಮಾರಾವರ ತಂಗಿ ಅಂತ ಬಂದಿಲ್ಲ ನಾವು. ಆ ಮನಿ ಮಗಳಂತ ಬಂದೇವಿ.”

ಶಾರವ್ವನವರು ಸೆರಗಿನಿಂದ ಕೈ ಒರೆಸಿಕೊಂಡರು. “ಅಪ್ಪನ ಕಾಲು ನೋವಾದಾಗಿಂದ ಆ ಮಗ್ಗಾ ನಡಿಸಿದಾಕಿ ನಾನು. ಹನ್ನೆರಡನೇ ವರ್ಷದಿಂದ ಮದವಿ ಆಗೂತನಕ. ನನ್ನ ಮದವಿ ಧಾರಿ ಸೀರಿ ನಾನ ನೇಯ್ದೇನಿ, ಗೋಮಿ ದಡಿ ಅಂಚಿಂದು. ಒಂದ ಸಲ ಬರ್ತೇನಿ. ಆ ಕುಣ್ಯಾಗ ಕಾಲ ಬಿಟ್ಟು ಒಂದೀಟ ಕುಂದ್ರತೇನಿ. ಆಮ್ಯಾಲ ಸಹಿ ಹಾಕೂದೋ ಬಿಡೂದೋ ಹೇಳತೇನಿ.”

ಏಳನೆಯ ತುಂಡನ್ನು ನಾನು ತಿರುಗಿ ತಟ್ಟೆಗೆ ಇಟ್ಟೆ. ಸಿದ್ದಲಿಂಗವ್ವ ನನ್ನ ಕಡೆ ತಿರುಗಿಯೂ ನೋಡದೆ ಹೇಳಿದರು: “ಬರ್ರಿ ಯವ್ವಾ. ಸೋಮವಾರ ಛಲೋ ದಿನಾ. ಉಡಿ ಇಲ್ಲಲ್ಲ, ಆ ಮನ್ಯಾಗ ತುಂಬತೇವಿ.”

ಶುಕ್ರವಾರ ಬೆಳಿಗ್ಗೆ ಮಾಲಕರಿಗೆ ಬೆನ್ನು ನೋವೆಂದು ಹೇಳಿ ರಜೆ ಪಡೆದೆ. ಶನಿವಾರ ಸಂಜೆಯ ಹೊತ್ತಿಗೆ ಅದು ಸುಳ್ಳಾಗಿ ಉಳಿಯಲಿಲ್ಲ. ಮುರ್ತುಜಸಾಬರು ಟೈಲ್ಸಿನ ಅಂಚಿಗೆ ಚಾಣ ಇಟ್ಟು ಮೊದಲ ಏಟು ಹಾಕುವ ಮುಂಚೆ ಮನಸಾರೆ ನಕ್ಕರು.

“ಸಾಹೇಬ್ರ, ಮುಚ್ಚಾಕ ಒಂದ ಪಗಾರ, ತಗ್ಯಾಕ ಎರಡ ಪಗಾರ. ನಿಮ್ಮಂಥಾವ್ರು ಓಣಿಗೊಬ್ಬರ ಇರಬೇಕು ನೋಡ್ರಿ.”

“ಒಂದ ಪಗಾರಿನ ಕೆಲಸಾ ನಾನ ಮಾಡ್ತೇನ್ರಿ” ಎಂದು ಸನಿಕೆ ಹಿಡಿದೆ. ಹೀಗೆ ನನ್ನ ಕುಣಿಯನ್ನು ನಾನೇ ತೋಡಿದೆ. ಇದನ್ನು ಮಾತಿಗೆ ಹೇಳುವವರು ಬಹಳ ಮಂದಿ. ಸನಿಕೆ ಹಿಡಿದು ತೋಡಿದವನು ಹುನಗುಂದ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೇಲಿನ ಟೈಲ್ಸು, ಗಿಲಾವು ಕಿತ್ತ ಮೇಲೆ ಕೆಳಗೆಲ್ಲ ಉಸುಕು, ಇಟ್ಟಂಗಿ ಚೂರು. ಬುಟ್ಟಿ ಬುಟ್ಟಿಯಾಗಿ ಸಲೀಸಾಗಿ ಬಂತು. “ಅವತ್ತ ಕಾಂಕ್ರೀಟ್ ಹಾಕಿಸಿದ್ರ ಇವತ್ತ ಮಶೀನ್ ತರಸಬೇಕಿತ್ತು” ಅಂದರು ಮುರ್ತುಜಸಾಬ. “ನೀವು ಜುಗ್ಗ ಇದ್ದದ್ದು ಭಾಳ ಛಲೋ ಆತು.” ಬಾಳಿನಲ್ಲಿ ನನ್ನನ್ನು ಕಾಪಾಡಿದ ಗುಣ ಅದೊಂದೇ, ಅದನ್ನೂ ಒಬ್ಬರು ಮೆಚ್ಚಿದರು.

ರವಿವಾರ ಮಧ್ಯಾಹ್ನ ತಳ ಸಿಕ್ಕಿತು. ಸಿದ್ದಲಿಂಗವ್ವ ಬಂದು ಬಕೇಟು ನೀರು ತರಿಸಿ, ಕುಣಿಯ ಬದಿಯ ಕಲ್ಲುಗಳನ್ನು ತಾವೇ ತೊಳೆದರು. ಕುಳಿತವರ ಹಿಮ್ಮಡಿ ತಾಗುವ ಜಾಗದಲ್ಲಿ ಒಂದು ಕೆಂಪು ಕಲ್ಲು ಸವೆದು ನುಣ್ಣಗಾಗಿತ್ತು. ನಾನು ಮೊದಲ ದಿನ ಅದನ್ನು ನೋಡಿಯೇ ಇರಲಿಲ್ಲ.

“ನೋಡು, ನಿನ್ನ ಟೈಲ್ಸಿಗಿಂತ ಹೆಚ್ಚಿಗಿ ಹೊಳಿತೈತಿ. ಖರ್ಚಿಲ್ಲದ ಪಾಲಿಶ್.”

ಸೋಮವಾರ ಶಾರವ್ವನವರು ಬಂದರು. ಅಣ್ಣಂದಿರಿಬ್ಬರೂ ಹೊರಗೆ ಕಟ್ಟೆಯ ಮೇಲೆ ಶಾಲೆಗೆ ತಡವಾಗಿ ಬಂದವರಂತೆ ನಿಂತಿದ್ದರು. ಆಕೆ ಅವರನ್ನು ದಾಟಿ ಒಳಗೆ ಬಂದು, ಬೂದಿ ಬಣ್ಣದ ಗೋಡೆ ನೋಡಿ, “ಯಾರರ ತೀರಿಕೊಂಡಾರೇನು ಇಲ್ಲಿ?” ಎಂದು ಕೇಳಿದರು. ಆಮೇಲೆ ಕುಣಿಯ ಅಂಚಿಗೆ ಕುಳಿತು ನಿಧಾನವಾಗಿ ಕಾಲು ಇಳಿಬಿಟ್ಟರು. ಹಿಮ್ಮಡಿ ತಾನಾಗಿ ಆ ಕಲ್ಲಿಗೆ ಹೋಗಿ ಕುಳಿತಿತು. ಎರಡೂ ಕೈ ಮುಂದೆ ಮಾಡಿ, ಇಲ್ಲದ ಮಗ್ಗದ ಮೇಲೆ ಇಲ್ಲದ ಲಾಳಿ ಎಸೆದರು. ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ.

ಆಮೇಲೆ ಬಗ್ಗಿ ಮೂಸಿದರು. “ಸಿಮಿಟಿನ ವಾಸನಿ.” ನನ್ನನ್ನು ನೋಡಿದರು. “ಮುಚ್ಚಿದ್ಯಲ್ಲೋ?”

ಸುಳ್ಳು ಹೇಳಬೇಕೆಂದು ಬಾಯಿ ತೆರೆದೆ. ಸಿದ್ದಲಿಂಗವ್ವ ಅಲ್ಲೇ ನಿಂತಿದ್ದರು. “ಹೌದ್ರೀ. ಮುಚ್ಚಿದ್ದೆ. ನೀವು ಬರ್ತೀರಂತ ಮೂರ ದಿವಸ ತೋಡೇನ್ರಿ.” ಅಂಗೈ ಮುಂದೆ ಮಾಡಿದೆ. ಬೊಬ್ಬೆಗಳು ಒಂದೂ ಒಡೆಯದೆ ಸಾಲಾಗಿದ್ದವು.

ಆಕೆ ನನ್ನ ಅಂಗೈ ಹಿಡಿದು ನೋಡಿ ಫಕ್ಕನೆ ನಕ್ಕರು. “ಇದು ಟೈಪ್ ಹೊಡಿಯೂ ಕೈಯ್ಯಲ್ಲ ಈಗ! ಈರಪ್ಪಣ್ಣಾ, ಒಳಗ ಬಾ. ನೋಡ್ ಇಲ್ಲಿ, ಪರರ ಹುಡುಗ ಮೂರ ದಿನಾ ತೋಡ್ಯಾನ, ನೀ ಮೂರ ನಿಮಿಷ ಫೋನ್ ಮಾಡಲಿಲ್ಲ.” ಈರಪ್ಪ ಬಾಗಿಲಲ್ಲಿ ನಿಂತು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ಅದೇ ಅವರ ಕ್ಷಮೆ ಎಂದು ಎಲ್ಲರಿಗೂ ತಿಳಿಯಿತು.

“ಸಹಿ ಹಾಕತೇನಿ” ಅಂದರು ಶಾರವ್ವ. “ಆದರ ತಮ್ಮಾ, ನೀ ಇದನ್ನ ಮಾರ್ತೀ, ತಗೊಂಡಾಂವ ಮತ್ತ ಮುಚ್ಚತಾನ. ನಾ ಇವತ್ತ ಕುಂತದ್ದು ಏನ ಬಂತು?”

ಇದಕ್ಕೆ ಉತ್ತರ ಸಿದ್ದಲಿಂಗವ್ವನ ಹತ್ತಿರ ಇತ್ತು, ಗುರುವಾರದಿಂದಲೇ ಇತ್ತು ಎಂದು ನನ್ನ ಗುಮಾನಿ. ಅವರು ಹೊರಗೆ ಹೋಗಿ ಒಬ್ಬ ತರುಣಿಯನ್ನು ಕರೆತಂದರು. ಹೆಸರು ಆರಿಫಾ. ಗಂಡ ಹೆಂಡತಿ ಇಬ್ಬರೂ ನೇಯುವವರು. ಇದ್ದ ಬಾಡಿಗೆ ಮನೆಯ ಮಾಲಕ ಕುಣಿ ಮುಚ್ಚಿಸಿ ಟೈಲ್ಸ್ ಹಾಕಿಸುತ್ತೇನೆಂದು ಅವರನ್ನು ಮನೆ ಬಿಡಿಸಿದ್ದ. ಅಂದರೆ ನನ್ನಂಥವನು ಓಣಿಗೊಬ್ಬ ಆಗಲೇ ಇದ್ದಾನೆ.

“ಕುಣಿ ಇದ್ದ ಮನಿ ಊರಾಗ ಕಡಿಮಿ ಆಗ್ಯಾವು” ಅಂದರು ಸಿದ್ದಲಿಂಗವ್ವ. “ಅದಕ್ಕ ಮಗ್ಗದಾವ್ರು ಒಂದ ಸಲ ಹೂಡಿದ್ರ ಹತ್ತ ವರ್ಷ ಬಿಟ್ಟ ಹೋಗೂದಿಲ್ಲ. ಓಣ್ಯಾಗಿನ ಬಾಡಗಿಗಿಂತ ಮುನ್ನೂರ ಕಡಿಮಿ ಹಚ್ಚು. ವರ್ಷಕ್ಕ ಹತ್ತ ತಿಂಗಳ ಬಾಡಗಿ ಅಷ್ಟ ಲೆಕ್ಕಾ ಹಿಡಿ, ಒಂದು ಖಾಲಿ ಬಿತ್ತಂತ, ಒಂದು ಮುರ್ತುಜಸಾಬಗ ಅಂತ. ಅದಕ್ಕ ನಿನ್ನ ಪಗಾರದಾಗಿಂದು ಸೇರಿಸಿದ್ರ ಸಾಲದ ಕಂತು ಕೂಡತೈತಿ, ನಾ ನೋಡೇನಿ. ಮಾರೂ ಹುಚ್ಚ ಬಿಡು.”

“ಆರಿಫಾನ ಒಲಿ ಹಿಂದಿನ ಗ್ವಾಡಿ ನೋಡೀರೇನ್ರಿ?” ಎಂದೆ. ಬಾಡಿಗೆಗೆ ಬರುವವರ ಈಗಿನ ಮನೆಗೆ ಹೋಗಿ ಆ ಗೋಡೆ ನೋಡಬೇಕು, ಅದು ಸ್ವಚ್ಛವಿದ್ದರೆ ಮನೆ ಸ್ವಚ್ಛ ಎಂಬುದು ಅವರದೇ ಪಾಠ.

“ನಿನ್ನ ಮಾರಿಗಿಂತ ಸ್ವಚ್ಛ ಐತಿ.”

ಅದೇ ವಾರ ಹುನಗುಂದದಲ್ಲಿ ಖರೀದಿಯಾಯಿತು. ಪತ್ರ ಟೈಪು ಮಾಡಿದವನು ನಾನೇ. ಈ ಸಲ ಓದುತ್ತ ಓದುತ್ತ ಟೈಪು ಮಾಡಿದೆ. ಆಸ್ತಿಯ ವಿವರದಲ್ಲಿ ಪಡಸಾಲೆ, ಅಡಿಗೆ ಮನೆ, ಬಚ್ಚಲು ಆದ ಮೇಲೆ ‘ಮಗ್ಗದ ಕುಣಿ ಸಹಿತ’ ಎಂದು ಸೇರಿಸಿದೆ. ನಮ್ಮ ಮಾಲಕರು ಕನ್ನಡಕ ಕೆಳಗಿಳಿಸಿ, ಮೂವತ್ತು ವರ್ಷದಲ್ಲಿ ಇಂಥ ಶಬ್ದ ಕಂಡಿಲ್ಲ ಅಂದರು. ಶಾರವ್ವನವರು ಬೆಂಚಿನ ಮೇಲೆ ಕುಳಿತು ಪೂರ್ತಿ ಓದಿಸಿದರು. ಈ ಚಾಳಿ ಯಾರು ಕಲಿಸಿದರೆಂದು ನನಗೆ ಗೊತ್ತು. ಚಕ್ಕುಬಂದಿ ಬಂದಾಗ ನಾನು ಒಂದೊಂದೇ ಅಕ್ಷರ ಬಿಡಿಸಿ ಓದಿದೆ. ನಾಲ್ಕೂ ದಿಕ್ಕು ಸರಿಯಿದ್ದವು. ಕೈಗೆ ಚೆಕ್ ಬಂದ ಮೇಲೆ ಆಕೆ ಸಹಿ ಹಾಕಿದರು, ಕರದಂಟು ಕತ್ತರಿಸಿದಷ್ಟೇ ನೇರವಾಗಿ. ಆಮೇಲೆ ಎಲ್ಲರೂ ಇಳಕಲ್ಲಿಗೆ ಹೋದೆವು, ಅದೇ ಪಡಸಾಲೆಯಲ್ಲಿ ನಮ್ಮ ಅವ್ವ ಶಾರವ್ವನವರ ಉಡಿ ತುಂಬಿದಳು. ತುಂಬಿ, “ಮತ್ತ ಬರ್ರಿ” ಅಂದಳು.

ಅವ್ವ ಅದನ್ನು ಮಾತಿಗೆ ಹೇಳಿದ್ದಳೋ ಏನೋ, ಶಾರವ್ವನವರು ಖರೆಯೆಂದು ಹಿಡಿದರು. ಬಸ್ಸು ಫ್ರೀ. ಹದಿನೈದು ದಿನಕ್ಕೊಮ್ಮೆ ಅರ್ಧ ಕಿಲೋ ಕರದಂಟು ಹಿಡಿದು ಬರುತ್ತಾರೆ, ಆರಿಫಾಳನ್ನು ಎಬ್ಬಿಸಿ ತಾವು ಮಗ್ಗಕ್ಕೆ ಕೂಡುತ್ತಾರೆ, ಅಂಚಿನ ದಡಿ ಸಡಿಲಾಯಿತು, ಸೆರಗಿನ ತೆನಿಯ ಚಿತ್ತಾರ ಡೊಂಕಾಯಿತು ಎಂದು ತಪ್ಪು ಹಿಡಿಯುತ್ತಾರೆ. ಹೋದ ತಿಂಗಳ ಐದಕ್ಕೆ ನಾನು ಕಟ್ಟೆಯ ಮೇಲೆ ಕುಳಿತಾಗ ಆರಿಫಾ ಬಾಡಿಗೆಯ ಜೊತೆ ಒಂದು ತಕರಾರನ್ನೂ ತಂದಳು.

“ಅಣ್ಣಾರ, ಡಿಪಾಜಿಟಿನಾಗ ಕಡಿಮಿ ಮಾಡ್ರಿ.”

“ಯಾಕವಾ, ಏನಾತು?”

“ನಮ್ಮ ಅತ್ತಿನ್ನ ಊರಾಗ ಬಿಟ್ಟ ಬಂದಿದ್ದೆ. ನೀವು ಮನಿ ಜೋಡಿ ಒಬ್ಬಾಕಿ ಅತ್ತಿ ಫ್ರೀ ಕೊಟ್ಟೀರಿ.” ಹೇಳಿದವಳೇ ತಡೆಯಲಾರದೆ ನಕ್ಕಳು. ಒಳಗಿನಿಂದ ಮಗ್ಗದ ಸಪ್ಪಳ ನಿಂತು, “ಏನ ಚಾಡಿ ಹೇಳಾಕತ್ತೀಯವ್ವಾ?” ಎಂದು ಶಾರವ್ವನವರ ದನಿ ಬಂತು.

ಇದಕ್ಕೆ ಯಾವ ಕಲಮು ಅನ್ವಯಿಸುತ್ತದೋ ನನಗೆ ತಿಳಿಯಲಿಲ್ಲ. ಸಿದ್ದಲಿಂಗವ್ವನಿಗೆ ಫೋನು ಹಚ್ಚಿದೆ. ಅವರು ಕೇಳಿ, ನಕ್ಕು, ಕೊನೆಗೆ ಒಂದೇ ಪ್ರಶ್ನೆ ಕೇಳಿದರು: “ನಲ್ಲಿ ಸೋರತೈತೇನು ನೋಡು.”

ಸೋರುತ್ತಿತ್ತು. ಜೇಬಿನಿಂದ ವಾಶರು ತೆಗೆದೆ.